ಸುಟ್ಟ ಕೋಳಿ ಹುಡುಕಿದ ಆಟಿ

ಸತ್ತ ಮೇಲೆ ನನ್ನ ತಮ್ಮ ಹಸಿದು ಮನೆ ಸುತ್ತುತ್ತಿದ್ದ ಅಂತ ಊರಿನಲ್ಲಿ ಈಗಲೂ ಹೇಳುವವರು ಇದ್ದಾರೆ. ಅದು ಸುಳ್ಳು. ಹಸಿದದ್ದು ಅವನ ಹೆಂಡತಿ. ಅವಳು ಊಟ ಬಿಟ್ಟಳು. ಅವಳು ಉಣ್ಣಲಿ ಅಂತ ನಾವು ಬಂಟ್ವಾಳ, ಬೆಳ್ತಂಗಡಿ, ಮೂಡುಬಿದಿರೆ ಅಂತ ಸುತ್ತಿ ಕೆಂಡದಲ್ಲಿ ಸುಟ್ಟ ಕೋಳಿ ಹುಡುಕಿದೆವು. ಒಳ್ಳೆಯದು ಸಿಕ್ಕಿತು. ಸಿಕ್ಕಿದ ಮೇಲೆ ನಮಗೆ ಬೇಕಾದದ್ದು ಅದಲ್ಲ ಅಂತ ಗೊತ್ತಾಯಿತು. ನಡೆದದ್ದು ಇಷ್ಟೆ.

ನಮ್ಮ ಮನೆ ಪುಂಜಾಲಕಟ್ಟೆಯಿಂದ ಸ್ವಲ್ಪ ಒಳಗೆ. ಮನೆಯಲ್ಲಿ ನಾನು, ನನ್ನ ಮಗಳು, ಅಳಿಯ, ಮೂಡುಬಿದಿರೆಯ ಬ್ಯಾಂಕಿಗೆ ಕೆಲಸಕ್ಕೆ ಹೋಗುವ ಮೊಮ್ಮಗಳು. ಅದೇ ಜಾಗದಲ್ಲಿ ತಮ್ಮ ಎರಡು ಕೋಣೆಯ ಮನೆ ಕಟ್ಟಿಸಿದ್ದ. ಅದರಲ್ಲಿ ಅವನ ಹೆಂಡತಿ ಮಲಗುತ್ತಿದ್ದಳು ಅಷ್ಟೆ. ಅಡಿಗೆ, ಊಟ, ಜಗಳ ಎಲ್ಲ ನಮ್ಮಲ್ಲಿಯೇ. ಅವರಿಗೆ ಮಕ್ಕಳಿಲ್ಲ.

ತಮ್ಮ ಮೀಸೆ ಸರಿಯಾಗಿ ಬರುವ ಮೊದಲೇ ಗಲ್ಫಿಗೆ ಹೋದವನು. ಅಲ್ಲಿ ಒಂದು ಹೊಟೇಲಿನಲ್ಲಿ ಕೆಂಡದ ಎದುರು ನಿಂತು ಕೋಳಿ ಸುಡುವ ಕೆಲಸ. ಪಾತ್ರೆ ತೊಳೆಯುವುದರಿಂದ ಶುರು ಮಾಡಿ ಆ ಒಲೆಗೆ ಏರಿದ್ದ. ಮತ್ತೆ ಅಲ್ಲಿಂದ ಇಳಿಯಲಿಲ್ಲ. ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುವುದು, ಎರಡು ತಿಂಗಳು ಇದ್ದು ಹೋಗುವುದು. ಅವನ ಸಂಸಾರ ನಡೆದದ್ದು ಆ ಎರಡೆರಡು ತಿಂಗಳಲ್ಲಿ.

ಕೊನೆಗೆ ಪೂರ್ತಿಯಾಗಿ ಬಂದಾಗ ಸಾಮಾನಿನ ಒಟ್ಟಿಗೆ ಉದ್ದದ ಒಂದು ಕಬ್ಬಿಣದ ಒಲೆಯನ್ನೂ ಕಳಿಸಿದ್ದ. ಮೇಲೆ ಜಾಲರಿ, ಕೆಳಗೆ ಇದ್ದಿಲು ತುಂಬುವ ತೊಟ್ಟಿ. ಪುಂಜಾಲಕಟ್ಟೆ ಪೇಟೆಯಲ್ಲಿ ಅಂಗಡಿ ಹಾಕುತ್ತೇನೆ, ನಮ್ಮ ಕಡೆ ಒಂದು ಒಳ್ಳೆಯ ಸುಟ್ಟ ಕೋಳಿ ಸಿಗುವುದಿಲ್ಲ ಅಂತ ಹೇಳಿದ. ನಾವೆಲ್ಲ ನಗಾಡಿದೆವು. ಇಲ್ಲಿಯ ಜನಕ್ಕೆ ತೆಂಗಿನಕಾಯಿ ಹಾಕಿದ ಸುಕ್ಕ ಬೇಕು, ಹುಳಿ ಮೆಣಸಿನ ಪುಳಿಮುಂಚಿ ಬೇಕು. ರಸ ಇಲ್ಲದ ಕೋಳಿಯನ್ನು ನಮ್ಮ ಗರಿಗರಿ ಅಕ್ಕಿರೊಟ್ಟಿಗೆ ಹೇಗೆ ಹಾಕುವುದು ಅಂತ ನಾನು ಕೇಳಿದೆ. ಅವನೂ ನಗಾಡಿದ. ಒಂದು ದಿನ ಅಂಗಳದಲ್ಲಿ ಒಲೆ ಹೊತ್ತಿಸಿ ನಮಗೆ ಸುಟ್ಟು ಕೊಟ್ಟ. ಚೆನ್ನಾಗಿತ್ತು. ಒಂದೇ ಸಲ. ಅಷ್ಟರಲ್ಲಿ ಅವನಿಗೆ ಕೆಮ್ಮು ಹಿಡಿಯಿತು. ಶ್ವಾಸಕೋಶ ಪೂರ್ತಿ ಹೋಗಿದೆ ಅಂತ ಡಾಕ್ಟ್ರು ಹೇಳಿದರು. ಸೆಕೆಗಾಲ ಮುಗಿಯುವ ಮೊದಲು ತೀರಿಕೊಂಡ. ಒಲೆಯನ್ನು ಕೋಳಿಗೂಡಿನ ಹಿಂದೆ ಹಾಕಿದೆವು. ಅದರ ಮೇಲೆ ಕೋಳಿಗಳು ಕೂರುತ್ತಿದ್ದವು.

ಮಳೆಗಾಲದಲ್ಲಿ ಆಟಿ ತಿಂಗಳು ಬಂತು. ನಮ್ಮಲ್ಲಿ ಸತ್ತವರನ್ನು ಕುಲೆಗಳು ಅನ್ನುತ್ತೇವೆ. ಆಟಿಯಲ್ಲಿ ಕುಲೆಗಳಿಗೆ ಬಡಿಸುವ ಕ್ರಮ ಉಂಟು. ಒಳಗಿನ ಕೋಣೆಯಲ್ಲಿ ದೀಪ ಇಟ್ಟು, ಎಲೆ ಹಾಕಿ, ಸತ್ತವರಿಗೆ ಬದುಕಿದ್ದಾಗ ಏನು ಇಷ್ಟವೋ ಅದನ್ನು ಬಡಿಸುವುದು. ಆಮೇಲೆ ಬಾಗಿಲು ಎಳೆದು ಎಲ್ಲರೂ ಹೊರಗೆ ಮಾತಾಡದೆ ಕೂರುವುದು. ಅವರು ಉಂಡಾಯಿತು ಅನ್ನುವಷ್ಟು ಹೊತ್ತು ಬಿಟ್ಟು, ಹಿರಿಯರು ಕೆಮ್ಮಿ ಬಾಗಿಲು ತೆರೆಯುವುದು. ಎಲೆಯಲ್ಲಿ ಅನ್ನದ ರಾಶಿ ಸ್ವಲ್ಪ ಜಾರಿದ್ದರೆ, ಪದಾರ್ಥ ಸ್ವಲ್ಪ ಅತ್ತಿತ್ತ ಆಗಿದ್ದರೆ, ಬಂದು ಉಂಡಿದ್ದಾರೆ ಅಂತ ಲೆಕ್ಕ.

ನಮ್ಮ ಕುಟುಂಬ ತಾಯಿಯ ಕಡೆಯಿಂದ ನಡೆಯುವುದು. ಹಾಗಾಗಿ ತಮ್ಮನ ಎಲೆ ಬೀಳಬೇಕಾದದ್ದು ಅಕ್ಕನ ಮನೆಯಲ್ಲಿ, ಬಡಿಸಬೇಕಾದದ್ದು ಅಕ್ಕನ ಕೈ. ಹೆಂಡತಿ ಬೇರೆ ಬಳಿಯವಳು, ಅಂದರೆ ಬೇರೆ ತಾಯಿಯ ಕುಲದವಳು. ಗಂಡ ಅವಳದ್ದು, ಆದರೆ ಗಂಡನ ಕುಲೆ ನಮ್ಮದು. ಅವಳು ಹೊಸ್ತಿಲಿನ ಹೊರಗೆ ನಿಂತು ನೋಡಬೇಕು. ಯಾರು ಮಾಡಿದ್ದು ಅಂತ ಕೇಳಬೇಡಿ, ಹಾಗೆ ಉಂಟು.

ಬಡಿಸುವ ಮೊದಲು ಅವಳು ನನ್ನ ಹತ್ತಿರ ಬಂದು, ಅಕ್ಕ, ಕೆಂಡದಲ್ಲಿ ಸುಟ್ಟ ಕೋಳಿ ಇಡುವ, ಅವರ ಜೀವ ಅದರಲ್ಲಿಯೇ ಇತ್ತು ಅಂತ ಹೇಳಿದಳು. ಎಲ್ಲಿಂದ ತರುವುದು. ಒಲೆ ಉಂಟು, ಅದರಲ್ಲಿ ಸುಡಲು ನಮಗೆ ಯಾರಿಗೂ ಬರುವುದಿಲ್ಲ. ಕುಲೆಗಳಿಗೆ ಯಾವಾಗಲೂ ಬಡಿಸುವ ಹಾಗೆ ಕೋಳಿ ಸಾರು, ರೊಟ್ಟಿ, ಸುಕ್ಕ, ಮೀನು, ಒಂದು ಲೋಟ ಶೇಂದಿ, ಎರಡು ಬೀಡಿ ಇಟ್ಟೆ. ಬಾಗಿಲು ಎಳೆದೆವು. ತೆರೆದಾಗ ಎಲ್ಲ ಇಟ್ಟ ಹಾಗೆಯೇ ಇತ್ತು. ರೊಟ್ಟಿ ಮಾತ್ರ ಸಾರಿನಲ್ಲಿ ಮೆತ್ತಗಾಗಿತ್ತು. ನಾನು ಅದನ್ನೆಲ್ಲ ಅಷ್ಟು ನೋಡುವವಳಲ್ಲ. ಅವಳು ನೋಡಿದಳು.

"ಮುಟ್ಟಲಿಲ್ಲ ಅಕ್ಕ," ಅಂದಳು.

ಆ ದಿನದಿಂದ ಅವಳು ಬಟ್ಟಲಿಗೆ ಕೂತು ಅನ್ನ ಕಲಸುವುದು, ಎದ್ದು ಹೋಗುವುದು. ಚಾ ಕುಡಿಯುತ್ತಿದ್ದಳು. ಅವರು ಹಸಿದಿರುವಾಗ ನನಗೆ ಗಂಟಲಿನಲ್ಲಿ ಇಳಿಯುವುದಿಲ್ಲ ಅನ್ನುತ್ತಿದ್ದಳು. ನಾನು ಬೈದೆ. ನಾಟಕ ಬೇಡ ಅಂತಲೂ ಹೇಳಿದೆ. ನಾಟಕ ಅಲ್ಲ ಅಂತ ಬಳೆ ನೋಡಿದಾಗ ಗೊತ್ತಾಯಿತು. ಮಣಿಕಟ್ಟಿನಲ್ಲಿ ಇರಬೇಕಾದದ್ದು ಕೈ ಎತ್ತಿದರೆ ಮೊಣಕೈಗೆ ಜಾರುತ್ತಿತ್ತು.

ಇನ್ನು ಆ ವಾಸನೆ. ಅದನ್ನೂ ಹೇಳಿಬಿಡುತ್ತೇನೆ. ಬಡಿಸಿದ ಮರುದಿನ ದೀಪ ಹಚ್ಚುವ ಹೊತ್ತಿಗೆ ಮನೆಯೊಳಗೆ ಇದ್ದಿಲು ಹೊತ್ತಿದ ವಾಸನೆ ಬಂತು. ಅದರ ಮೇಲೆ ಲಿಂಬೆಹುಳಿ ಹಿಂಡಿದ ಹಾಗೆ. ಅವಳಿಗೆ ಮಾತ್ರ ಅಲ್ಲ, ನನಗೂ ಬಂತು. ಬಚ್ಚಲಿನಲ್ಲಿ ಕಾಲು ತೊಳೆಯುತ್ತಿದ್ದೆ, ಬಾಗಿಲಿನ ಹತ್ತಿರ ಯಾರೋ ಬಂದು ನಿಂತ ಹಾಗೆ ವಾಸನೆ ಬಂದು ನಿಂತಿತು. ತಿರುಗಿ ನೋಡಿದೆ. ಟವೆಲು ನೇತಾಡುತ್ತಿತ್ತು. ಮಗಳನ್ನು ಕೇಳಿದರೆ ಅವಳಿಗೂ ಬಂದಿತ್ತು, ಹೆದರಿ ಹೇಳಿರಲಿಲ್ಲ. ಆಚೆ ಮನೆಯವರ ರಬ್ಬರ್ ಹೊಗೆಗೂಡಿನಿಂದ ಬರುತ್ತದೆ, ಗಾಳಿ ಈ ಕಡೆ ಉಂಟು ಅಂತ ನಾನು ಎಲ್ಲರಿಗೂ ಹೇಳಿದೆ. ಆಟಿಯ ಮಳೆಗೆ ಅವರು ರಬ್ಬರ್ ಕೆತ್ತುವುದು ನಿಲ್ಲಿಸಿರುತ್ತಾರೆ, ಹೊಗೆಗೂಡಿಗೆ ಬೀಗ ಬಿದ್ದಿರುತ್ತದೆ ಅಂತ ನನಗೂ ಗೊತ್ತಿತ್ತು. ಆದರೆ ಏನಾದರೂ ಒಂದು ಹೇಳಬೇಕಲ್ಲ.

ಅವಳ ಅಣ್ಣಂದಿರು ಬಂದು ತಾಯಿ ಮನೆಗೆ ಕರೆದರು. ಹೋಗಲಿಲ್ಲ. ಬೆಳ್ತಂಗಡಿಯಲ್ಲಿ ಡಾಕ್ಟ್ರಿಗೆ ತೋರಿಸಿದೆವು. ಗ್ಲೂಕೋಸ್ ಏರಿಸಿ, ಹೀಗೆಯೇ ಬಿಟ್ಟರೆ ಹೆಚ್ಚು ದಿನ ಇಲ್ಲ, ಹೊಟ್ಟೆಗೆ ಏನಾದರೂ ಹೋಗಲೇಬೇಕು ಅಂತ ನನ್ನನ್ನು ಹೊರಗೆ ಕರೆದು ಹೇಳಿದರು. ಕಾರಿನಲ್ಲಿ ಬರುವಾಗ ಮೊಮ್ಮಗಳು ಹೇಳಿದಳು, ಅಜ್ಜಿ, ಮಾಮಿ ಕೇಳುವುದು ಒಂದು ಸುಟ್ಟ ಕೋಳಿ ಅಲ್ವಾ, ಹುಡುಕುವ, ಸಿಕ್ಕಿದರೆ ಬಡಿಸುವ, ಮಾಮಿ ಉಣ್ಣಲಿ. ತಾಯಿ ಕರೆಯುವ ಹಾಗೆ ಮೊಮ್ಮಗಳೂ ತಮ್ಮನ ಹೆಂಡತಿಯನ್ನು ಮಾಮಿ ಅನ್ನುವುದು.

ನಾನು ಒಂದು ಶರ್ತ ಹಾಕಿದೆ. ಸಿಕ್ಕಿದ್ದೆಲ್ಲ ತಂದು ಎಲೆಗೆ ಹಾಕಿ ದಿನಾ ಕರೆಯಲು ಅವನು ನಾಯಿಯಲ್ಲ. ಸರಿಯಾದದ್ದು ಸಿಕ್ಕಿದ ಮೇಲೆ ಒಂದೇ ಸಲ ಬಡಿಸುವುದು. ಆಟಿ ಮುಗಿದರೆ ಮುಗಿಯಿತು, ಆ ಕೋಣೆಯಲ್ಲಿ ಮತ್ತೆ ಎಲೆ ಬೀಳುವುದು ದೀಪಾವಳಿಗೆ. ದೀಪಾವಳಿಯವರೆಗೆ ಅವಳು ಉಳಿಯುವ ಹಾಗೆ ನನಗೆ ಕಾಣುತ್ತಿರಲಿಲ್ಲ.

ಸರಿಯಾದದ್ದು ಅಂತ ಹೇಗೆ ಗೊತ್ತಾಗುವುದು ಅಂತ ಕೇಳಿದೆ. ಅವಳು ತನ್ನ ಕೋಣೆಗೆ ಹೋಗಿ ಬಾಯಿ ಬಿಗಿದು ಕಟ್ಟಿದ ಒಂದು ಪ್ಲಾಸ್ಟಿಕ್ ತೊಟ್ಟೆ ತಂದಳು. ಒಳಗೆ ತಮ್ಮನ ಅಂಗಿ. ಕೊನೆಯ ಸಲ ಬಂದಾಗ ಪೆಟ್ಟಿಗೆಯಲ್ಲಿದ್ದದ್ದು. ಅದನ್ನು ಅವಳು ಒಗೆದಿರಲಿಲ್ಲ. ರಜೆಯಲ್ಲಿ ಬಂದಾಗೆಲ್ಲ ಮೊದಲ ದಿನ ಅವನ ಮೈಯಿಂದ, ಬಟ್ಟೆಯಿಂದ ಬರುತ್ತಿದ್ದದ್ದು ಅದೇ ವಾಸನೆಯಂತೆ. ನಾಲ್ಕು ಸಲ ಮಿಂದ ಮೇಲೆ ಹೋಗುತ್ತಿತ್ತಂತೆ, ಆಗ ಅವನು ಬೇರೆ ಯಾರೋ ಅಂತ ಅನಿಸುತ್ತಿತ್ತಂತೆ. ತೊಟ್ಟೆ ಬಿಚ್ಚಿ ನನ್ನ ಮೂಗಿಗೆ ಹಿಡಿದಳು. ಇದ್ದಿಲು, ಲಿಂಬೆಹುಳಿ. ಬಚ್ಚಲಿನ ಬಾಗಿಲಿನಲ್ಲಿ ನಿಂತದ್ದು ಅದೇ. ತೊಟ್ಟೆಯ ಬಾಯಿ ನಾನೇ ಮತ್ತೆ ಕಟ್ಟಿದೆ.

ಹೀಗೆ ಶುರುವಾಯಿತು. ಮೊಮ್ಮಗಳು ಕಾರು ಬಿಡುವುದು, ನಾನು ಮುಂದೆ ಕೂರುವುದು, ಅವಳು ತೊಟ್ಟೆ ಹಿಡಿದುಕೊಂಡು ಹಿಂದೆ. ಹಿಂದಿನ ಸೀಟಿನಲ್ಲಿ ಅವಳು ನಡುವಿಗೆ ಕೂರುತ್ತಿರಲಿಲ್ಲ. ಒಂದು ಬದಿಗೆ ಸರಿದು, ಇನ್ನೊಂದು ಬದಿ ಬಿಟ್ಟು ಕೂರುತ್ತಿದ್ದಳು.

ಮೊದಲು ಪುಂಜಾಲಕಟ್ಟೆಯಲ್ಲಿಯೇ ನೋಡಿದೆವು. ಬಾರ್ಬೆಕ್ಯೂ ಅಂತ ಕೆಂಪು ಲೈಟಿನ ಬೋರ್ಡು. ಒಳಗೆ ಹೋದರೆ ದೊಡ್ಡ ಬಾಣಲೆಯಲ್ಲಿ ಎಣ್ಣೆ, ಎಣ್ಣೆಯಲ್ಲಿ ಕೆಂಪು ಬಣ್ಣದ ಕಬಾಬು. ನಮ್ಮ ಕಡೆ ಕಬಾಬ್ ಅಂದರೆ ಕರಿದದ್ದೇ. ಇಲ್ಲಿ ಕೆಂಡ ಎಲ್ಲಿ ಉಂಟು ಅಂತ ನಾನು ಯಜಮಾನನನ್ನು ಕೇಳಿದೆ. ಕೆಂಡ ಇಲ್ಲ, ಹೆಸರು ಚಂದ ಕಾಣುತ್ತದೆ ಅಂತ ಹಾಕಿದ್ದು ಅಂದ.

"ಹಾಗಾದರೆ ಇಲ್ಲಿ ಸುಡುವುದು ಎಂತದು?"

"ಬೋರ್ಡಿನ ಲೈಟು ಅಮ್ಮ. ಎರಡು ಸಲ ಸುಟ್ಟು ಹೋಯಿತು."

ಮೊಮ್ಮಗಳು ನಗಾಡಿದಳು. ತಮ್ಮನ ಹೆಂಡತಿ ನಗಾಡಲಿಲ್ಲ. ತೊಟ್ಟೆಯನ್ನೂ ಬಿಚ್ಚಲಿಲ್ಲ.

ಮುಂದಿನ ಆದಿತ್ಯವಾರ ಚಾರ್ಮಾಡಿ ರಸ್ತೆಯಲ್ಲಿ ಕಕ್ಕಿಂಜೆಯವರೆಗೆ ಹೋದೆವು. ಘಾಟಿ ಇಳಿದು ಬರುವವರು ನಿಲ್ಲಿಸುವ ಒಂದು ಹೊಟೇಲು, ತುಂಬ ಒಳ್ಳೆಯದು ಅಂತ ಮೊಬೈಲಿನಲ್ಲಿ ಯಾರೋ ಬರೆದಿದ್ದರಂತೆ. ಎಷ್ಟು ಜನ ಅಂತ ಸಪ್ಲಾಯರ್ ಕೇಳಿದ. ಮೂರು ಅಂತ ಮೊಮ್ಮಗಳು, ನಾಲ್ಕು ಅಂತ ಹಿಂದಿನಿಂದ ಅವಳು. ಅವನು ನಾಲ್ಕು ಲೋಟ ತಂದಿಟ್ಟ. ನಾವು ತೆಗೆಯಲು ಹೇಳಲಿಲ್ಲ.

ಅಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೋಳಿಗಳು ಸರಳಿಗೆ ಸಿಕ್ಕಿಕೊಂಡು ಕರೆಂಟಿನಲ್ಲಿ ತಿರುಗುತ್ತಿದ್ದವು. ತಂದು ಎದುರಿಗೆ ಇಟ್ಟರು. ಅವಳು ಮಡಿಲಿನಲ್ಲಿ ತೊಟ್ಟೆ ಬಿಚ್ಚಿ ಅಂಗಿ ಮೂಸಿದಳು, ತಟ್ಟೆಗೆ ಬಗ್ಗಿ ಕೋಳಿ ಮೂಸಿದಳು, ಮತ್ತೆ ಅಂಗಿ ಮೂಸಿದಳು. ಇದರಲ್ಲಿ ಹೊಗೆಯೇ ಇಲ್ಲ ಅಂದಳು. ಆಚೆ ಮೇಜಿನವರು ತಿನ್ನುವುದು ಬಿಟ್ಟು ನಮ್ಮನ್ನೇ ನೋಡಿದರು. ಸಪ್ಲಾಯರ್ ಹೋಗಿ ಮ್ಯಾನೇಜರನ್ನು ಕರೆದುಕೊಂಡು ಬಂದ. ಪಾಪದ ಮನುಷ್ಯ.

"ನಮ್ಮವರು ಅಂಗಿಗೆ ಸಾರು ಚೆಲ್ಲಿದರಾ ಅಮ್ಮ? ಒಗೆಸಿ ಕೊಡುತ್ತೇವೆ."

"ಯಾರೂ ಚೆಲ್ಲಲಿಲ್ಲ. ಅಂಗಿಯವನು ಸತ್ತಿದ್ದಾನೆ," ಅಂದೆ.

ಬಿಲ್ಲು ತಂದಿಟ್ಟು ಹೋದವನು ಮತ್ತೆ ನಮ್ಮ ಕಡೆ ಬರಲಿಲ್ಲ.

ಅದರ ಮುಂದಿನ ವಾರ ಬಿ.ಸಿ. ರೋಡು. ಮಾಳಿಗೆಯ ಮೇಲಿನ ಹೊಟೇಲು. ಮೇಜಿನ ನಡುವಿನಲ್ಲಿಯೇ ಗುಂಡಿ ಮಾಡಿ, ಗುಂಡಿಯಲ್ಲಿ ಕೆಂಡ ಇಟ್ಟು, ಕಡ್ಡಿಗೆ ಚುಚ್ಚಿದ ತುಂಡುಗಳನ್ನು ನಮ್ಮ ಎದುರೇ ಇಡುತ್ತಾರೆ. ಬ್ರಷ್ಷಿನಲ್ಲಿ ಬಣ್ಣ ಬಳಿದ ಹಾಗೆ ಏನೋ ಬಳಿಯುತ್ತಾರೆ. ಆಚೆ ಯಾರದ್ದೋ ಹುಟ್ಟುಹಬ್ಬ, ಚಪ್ಪಾಳೆ, ಹಾಡು. ಕೆಂಡ ಮಾತ್ರ ನಿಜವಾದದ್ದೇ. ಅವಳು ಅಂಗಿ ಮೂಸಿ ಕೋಳಿ ಮೂಸಿ ತುಂಬ ಹೊತ್ತು ಕಣ್ಣು ಮುಚ್ಚಿ ಕೂತಳು. ಬಳಿದದ್ದು ಸಿಹಿ ಇತ್ತು.

"ಅರ್ಧ ಅವರೇ ಅಕ್ಕ. ಅರ್ಧ ಬೇರೆ ಯಾರೋ."

ಅಷ್ಟು ಗಲಾಟೆಯ ನಡುವೆಯೂ ನನ್ನ ಕೈಯ ರೋಮ ಎದ್ದಿತು. ಎ.ಸಿ. ಇತ್ತು ಅಲ್ಲಿ, ಅದಕ್ಕೂ ಇರಬಹುದು.

ಇಷ್ಟರಲ್ಲಿ ನನಗೆ ಕೋಳಿ ಸುಡುವುದರ ವಿಷಯ ಸ್ವಲ್ಪ ಗೊತ್ತಾಗುತ್ತಾ ಬಂದಿತ್ತು. ಕರೆಂಟಿನಲ್ಲಿ ಸುಟ್ಟರೆ ಚರ್ಮ ಗರಿಗರಿ ಆಗುತ್ತದೆ, ಮಾಂಸಕ್ಕೆ ಏನೂ ತಾಗುವುದಿಲ್ಲ. ಕೆಂಡಕ್ಕೆ ಕೋಳಿಯ ನೆಣ ತೊಟ್ಟಿಕ್ಕಬೇಕು, ಆ ಹೊಗೆ ತಿರುಗಿ ಕೋಳಿಗೇ ಹತ್ತಬೇಕು, ರುಚಿ ಇರುವುದು ಅದರಲ್ಲಿ. ಮಸಾಲೆ ಕಡಿಮೆ ಇರಬೇಕು. ನಮ್ಮವರಿಗೆ ಅದು ಆಗುವುದಿಲ್ಲ, ಎಲ್ಲದಕ್ಕೂ ಕೊತ್ತಂಬರಿ, ಮೆಣಸು ಹುರಿದು ಹಾಕಬೇಕು. ತಮ್ಮ ಇದನ್ನೆಲ್ಲ ಹೇಳಿದ್ದ. ಆಗ ಕೇಳಿದ್ದು ಯಾರು.

ಮನೆಯಲ್ಲಿ ವಾಸನೆ ಬರುವುದು ನಿಲ್ಲಲಿಲ್ಲ. ಕೆಲವು ಸಂಜೆ ಚಾವಡಿಯಲ್ಲಿ, ಕೆಲವು ಸಂಜೆ ಅಡಿಗೆ ಮನೆಯಲ್ಲಿ ಅನ್ನ ಇಡುವ ಕಪಾಟಿನ ಹತ್ತಿರ. ಬಂದ ಕೂಡಲೇ ಅವಳು ಎದ್ದು ನಿಲ್ಲುತ್ತಿದ್ದಳು, ಮನೆಗೆ ದೊಡ್ಡವರು ಬಂದಾಗ ನಿಲ್ಲುವ ಹಾಗೆ. ಅಳಿಯ ಜ್ಯೋತಿಷಿಯನ್ನು ಕರೆಯುವ ಅಂದ. ಬೇಡ ಅಂದೆ. ತಮ್ಮನನ್ನು ಎತ್ತಿ ಆಡಿಸಿದವಳು ನಾನು. ಅವನನ್ನು ಓಡಿಸಲು ಇನ್ನೊಬ್ಬನನ್ನು ಮನೆಗೆ ಕರೆಯುವುದಿಲ್ಲ.

ಆಟಿಯ ಕೊನೆಯ ಆದಿತ್ಯವಾರ ಸಿದ್ಧಕಟ್ಟೆಯ ದಾರಿಯಲ್ಲಿ ಮೂಡುಬಿದಿರೆಗೆ ಹೊರಟೆವು. ಪುತ್ತಿಗೆಯ ಹತ್ತಿರ ಒಬ್ಬ ಗಲ್ಫಿನಿಂದ ಬಂದವನು ಅಂಗಡಿ ಹಾಕಿದ್ದಾನೆ ಅಂತ ಮೊಮ್ಮಗಳಿಗೆ ಬ್ಯಾಂಕಿನಲ್ಲಿ ಯಾರೋ ಹೇಳಿದ್ದರು. ಮೊಬೈಲಿನಲ್ಲಿ ಅದರ ಹೆಸರು ಇರಲಿಲ್ಲ. ರಸ್ತೆ ಬದಿಯಲ್ಲಿ ತಗಡಿನ ಶೆಡ್ಡು, ನಾಲ್ಕು ಮೇಜು. ಎಣ್ಣೆಯ ಡ್ರಮ್ಮನ್ನು ಉದ್ದಕ್ಕೆ ಸೀಳಿ ಮಲಗಿಸಿ ಒಲೆ ಮಾಡಿದ್ದ. ಒಳಗೆ ತೆಂಗಿನ ಗೆರಟೆ ಸುಟ್ಟ ಇದ್ದಿಲು. ಫ್ಯಾನ್ ಇಲ್ಲ, ರಟ್ಟಿನ ತುಂಡಿನಲ್ಲಿ ಗಾಳಿ ಹಾಕುತ್ತಿದ್ದ. ನಮಗೆ ಬೆನ್ನು ಹಾಕಿ ನಿಂತಿದ್ದ. ಇಕ್ಕಳ ಹಿಡಿದ ಕೈಯ ಮಣಿಕಟ್ಟಿನಲ್ಲಿಯೇ ಹಣೆಯ ಬೆವರು ಒರೆಸಿ, ಇಕ್ಕಳವನ್ನು ಡ್ರಮ್ಮಿನ ಅಂಚಿಗೆ ಕುಟ್ಟಿದ.

ನನ್ನ ಕಾಲು ಅಲ್ಲಿಯೇ ನಿಂತಿತು. ಅಂಗಳದಲ್ಲಿ ಸುಟ್ಟ ಆ ಒಂದು ದಿನ ತಮ್ಮ ಮಾಡಿದ್ದು ಹಾಗೆಯೇ. ಒರೆಸಿದ್ದು, ಕುಟ್ಟಿದ್ದು. ಕೆಂಡದ ಎದುರು ನಿಲ್ಲುವವರೆಲ್ಲ ಹಾಗೆ ಮಾಡುತ್ತಾರೋ ಏನೋ. ಅವಳು ನನ್ನ ಸೆರಗು ಹಿಡಿದದ್ದು ಗೊತ್ತಾಯಿತು. ಅವನು ತಿರುಗಿದ. ದಾಡಿ ಬಿಟ್ಟ ಬೇರೆಯೇ ಮುಖ. ಕೂತುಕೊಳ್ಳಿ ಅಮ್ಮ ಅಂದು ನಾಲ್ಕು ಲೋಟ ನೀರು ತಂದಿಟ್ಟ. ನಾವು ಏನೂ ಹೇಳಿರಲಿಲ್ಲ. ಅಲ್ಲಿ ಎಲ್ಲ ಮೇಜಿಗೂ ನಾಲ್ಕು ಲೋಟ ಇಡುವುದೇ ಕ್ರಮ, ಆಮೇಲೆ ನೋಡಿದೆ.

ಕೋಳಿ ಬಂತು. ಅಲ್ಲಲ್ಲಿ ಕಪ್ಪಾಗಿ, ನಡುವೆ ಹಳದಿ, ಮೇಲೆ ಅರ್ಧ ಲಿಂಬೆಹುಳಿ. ಅವಳು ತೊಟ್ಟೆಯ ಗಂಟು ಬಿಚ್ಚಲು ಹೋಗಿ ಇನ್ನೂ ಬಿಗಿ ಮಾಡಿದಳು. ನಾನೇ ಬಿಚ್ಚಿ ಕೊಟ್ಟೆ. ಅಂಗಿ ಮೂಸಿದಳು. ಕೋಳಿ ಮೂಸಿದಳು. ಎರಡನೇ ಸಲ ಅಂಗಿ ಮೂಸಲಿಲ್ಲ.

"ಇದೇ," ಅಂದಳು.

ನನಗೆ ಬದುಕಿದೆ ಅಂತ ಆಯಿತು. ಪಾರ್ಸೆಲಿಗೆ ಹೇಳಿದೆ. ಅವನು ಕಟ್ಟಲು ಬಂದವನು ಮೇಜಿನ ಮೇಲಿನ ಅಂಗಿಯ ತೋಳಿನಲ್ಲಿ ಕಿಡಿ ತಾಗಿದ ತೂತು ನೋಡಿ ನಿಂತ. ಮೂಸದೆಯೇ, ಇದು ನಮ್ಮ ಕೆಲಸದವರ ಅಂಗಿ, ಯಾರದ್ದು ಅಂತ ಕೇಳಿದ. ಹೇಳಿದೆ. ಯಾವ ಊರು, ಯಾವ ಹೊಟೇಲು ಅಂತೆಲ್ಲ ವಿಚಾರಿಸಿದ. ಅವನಿದ್ದದ್ದು ಬೇರೆ ಊರು, ಆದರೆ ಕೆಲಸ ಒಂದೇ. ತನ್ನ ಹೆಂಡತಿ ಅಂಗಿಯನ್ನು ಮನೆಯೊಳಗೆ ತರಲು ಬಿಡುವುದಿಲ್ಲ ಅಂತ ಹೇಳಿದ. ಇವಳು ತೊಟ್ಟೆಯಲ್ಲಿ ಕಟ್ಟಿಟ್ಟಿದ್ದಾಳೆ ಅಂತ ನಾನು ಹೇಳಿದೆ.

ನನಗೆ ಅವಳ ಹೊಟ್ಟೆಯದ್ದೇ ಚಿಂತೆ. ಅವನು ತಿನ್ನುವುದು ನೋಡಿ ಅವಳೂ ತಿನ್ನಲಿ ಅಂತ, ನೀನೂ ಒಂದು ತುಂಡು ತೆಗೆದುಕೊಂಡು ನಮ್ಮ ಒಟ್ಟಿಗೆ ಕೂತುಕೋ ಮಾರಾಯ ಅಂತ ಅವನನ್ನು ಕರೆದೆ. ಅವನು ಕೈ ಅಡ್ಡ ಮಾಡಿದ.

"ನನಗೆ ಬೇಡ ಅಮ್ಮ. ಇಡೀ ದಿನ ಮೂಗಿನಲ್ಲಿ ತಿಂದಾಗಿರುತ್ತದೆ. ಮತ್ತೆ ಬಾಯಿಗೆ ಹೋಗುವುದಿಲ್ಲ."

ವರ್ಷಗಟ್ಟಲೆ ಆಯಿತಂತೆ ಅವನು ಸುಟ್ಟ ಕೋಳಿ ಬಾಯಿಗೆ ಹಾಕದೆ. ಆ ಕೆಲಸದಲ್ಲಿದ್ದವರು ಯಾರೂ ತಿನ್ನುವುದಿಲ್ಲವಂತೆ, ನೋಡಿದರೆ ವಾಂತಿ ಬರುವ ಹಾಗೆ ಆಗುತ್ತದಂತೆ. ಹಾಗಾದರೆ ಅಲ್ಲಿ ತಿನ್ನುತ್ತಿದ್ದದ್ದು ಎಂತ ಅಂತ ಅವಳೇ ಕೇಳಿದಳು. ಎಷ್ಟೋ ದಿನದ ಮೇಲೆ ಅವಳು ಹೊರಗಿನವರ ಹತ್ತಿರ ಆಡಿದ ಮೊದಲ ಮಾತು ಅದು. ಗಂಜಿ ಅಂದ. ಅಂಗಡಿ ಮುಚ್ಚಿ ಯಜಮಾನ ಹೋದ ಮೇಲೆ, ಉಳಿದ ಕೆಂಡದಲ್ಲಿ ಊರಿನಿಂದ ತಂದ ಒಣಮೀನು ಸುಡುವುದು, ರೂಮಿಗೆ ಒಯ್ದು ಗಂಜಿಯ ಒಟ್ಟಿಗೆ ಉಣ್ಣುವುದು. ಒಣಮೀನು ಸುಟ್ಟ ದಿನ ಅಕ್ಕಪಕ್ಕದ ರೂಮಿನವರು ಬಂದು ಬಾಗಿಲು ಬಡಿಯುತ್ತಿದ್ದರಂತೆ, ಬೈಯಲು ಕೆಲವರು, ಉಣ್ಣಲು ಕೆಲವರು. ಹೇಳುತ್ತಾ ಅವನು ನಗಾಡಿದ. ಶೆಡ್ಡಿನ ಹಿಂದೆ ಸ್ಟೂಲಿನ ಮೇಲೆ ಅವನ ಬಟ್ಟಲು ಇತ್ತು, ನಾನು ಕೈ ತೊಳೆಯಲು ಹೋದಾಗ ನೋಡಿದೆ. ಗಂಜಿ, ಪಕ್ಕದಲ್ಲಿ ಕಪ್ಪಾಗಿ ಸುಟ್ಟ ಒಂದು ಒಣ ಬಂಗುಡೆ.

ಬರುವಾಗ ಪಾರ್ಸೆಲು ಅವಳ ಬದಿಯ ಖಾಲಿ ಸೀಟಿನಲ್ಲಿತ್ತು. ಕಾರು ತುಂಬ ಅದೇ ವಾಸನೆ. ಗ್ಲಾಸು ಇಳಿಸಿದರೂ ಹೋಗಲಿಲ್ಲ.

ಮನೆಗೆ ಮುಟ್ಟುವಾಗ ದೀಪ ಹಚ್ಚುವ ಹೊತ್ತು. ತಂದದ್ದು ತಂದಾಯಿತು, ಬಡಿಸು ಅಕ್ಕ ಅಂದಳು. ನಾನು ಮಿಂದು ಬಂದು, ದೀಪ ಇಟ್ಟು, ಎಲೆ ಹಾಕಿ, ಕೋಳಿಯನ್ನು ಇಡೀ ಹಾಗೆಯೇ ಬಡಿಸಿದೆ. ಬಂದು ಉಣ್ಣು ಅಂತ ಮನಸ್ಸಿನಲ್ಲಿ ಹೇಳಿ ಬಾಗಿಲು ಎಳೆದೆ. ಚಾವಡಿಯಲ್ಲಿ ಕೂತೆವು. ಮಗಳು, ಅಳಿಯ, ಮೊಮ್ಮಗಳು ಆಚೆ ಬದಿಗೆ, ನಾನು ಮತ್ತು ಅವಳು ಈಚೆ. ಬಾಗಿಲು ಎಳೆದ ಮೇಲೆ ಮಾತಾಡಬಾರದು. ಅವಳು ಮಾತಾಡಿದಳು.

"ಅಕ್ಕ, ಅವರಿಗೆ ಏನು ಇಷ್ಟ ಅಂತ ನನಗೆ ಗೊತ್ತಿಲ್ಲ."

ಮಗಳು ಈ ಕಡೆ ನೋಡಿದಳು. ನಾನು ಸುಮ್ಮನಿರು ಅಂತ ಕಣ್ಣು ಮಾಡಿದ್ದು ಅವಳಿಗಲ್ಲ, ಮಗಳಿಗೆ.

ರಜೆ ಮುಗಿಸಿ ಹೋಗುವಾಗೆಲ್ಲ ಒಣ ಬಂಗುಡೆ ಕಟ್ಟಿ ಕೊಡುತ್ತಿದ್ದವಳು ಅವಳೇ. ಪೇಪರಿನಲ್ಲಿ ಸುತ್ತಿ, ತೊಟ್ಟೆಯಲ್ಲಿ ಹಾಕಿ, ಬಟ್ಟೆಯ ನಡುವೆ ಇಡುವುದು. ಯಾರಿಗೆ ಅಂತ ಕೇಳಿದರೆ ರೂಮಿನವರಿಗೆ ಅನ್ನುತ್ತಿದ್ದನಂತೆ. ಇಲ್ಲಿದ್ದ ಎರಡು ತಿಂಗಳು ಅವಳು ದಿನಾ ಒಂದೊಂದು ಮಾಡಿ ಬಡಿಸುತ್ತಿದ್ದಳು, ಪುಂಡಿ, ನೀರುದೋಸೆ, ಸುಕ್ಕ, ಬಿರಿಯಾನಿ. ಎಲ್ಲ ತಿಂದು ಚೆನ್ನಾಗಿದೆ ಅನ್ನುತ್ತಿದ್ದ. ಗಂಜಿ ಕೊಡು ಅಂತ ಒಂದು ದಿನ ಬಾಯಿ ಬಿಟ್ಟು ಕೇಳಲಿಲ್ಲ. ಇದನ್ನೆಲ್ಲ ಅವಳು ಬಾಗಿಲನ್ನೇ ನೋಡಿಕೊಂಡು ಮೆಲ್ಲಗೆ ಹೇಳಿದಳು. ಒಳಗಿದ್ದವನಿಗೆ ಕೇಳಬಾರದು ಅನ್ನುವ ಹಾಗೆ.

"ನಿನಗೆ ಹೇಗೆ ಗೊತ್ತಾಗಬೇಕು," ಅಂದೆ. "ಬಂದಾಗೆಲ್ಲ ನಾವು ಅವನನ್ನು ನೆಂಟನ ಹಾಗೆ ಕೂರಿಸಿ ಬಡಿಸಿದ್ದು."

ತಮ್ಮ ಶಾಲೆಗೆ ಹೋಗುವಾಗ ಬಚ್ಚಲ ಒಲೆಯ ಕೆಂಡದಲ್ಲಿ ಒಣಮೀನು ಸುಟ್ಟುಕೊಂಡು ಗಂಜಿ ಉಂಡು ಓಡುತ್ತಿದ್ದದ್ದು ನನಗೆ ನೆನಪಿತ್ತು. ಎಲ್ಲ ಮಕ್ಕಳೂ ಉಣ್ಣುತ್ತಿದ್ದದ್ದು ಅದನ್ನೇ. ಅದು ಇಷ್ಟದ್ದು ಅಂತ ಯಾರು ಲೆಕ್ಕ ಹಾಕುತ್ತಾರೆ. ಕುಲೆಗಳಿಗೆ ಗಂಜಿ ಬಡಿಸಿದವರು ನಮ್ಮ ಕುಟುಂಬದಲ್ಲಿ ಇಲ್ಲ. ಬಡಿಸಿದರೆ ಊರಿನವರು, ಸತ್ತವನಿಗೂ ಕೋಳಿಯ ದುಡ್ಡು ಉಳಿಸಿ ಪಿಟ್ಟಾಸು ಮಾಡಿದಳು ಅನ್ನುತ್ತಾರೆ. ಗಲ್ಫಿನಲ್ಲಿ ದುಡಿದವನಿಗಂತೂ ಕೋಳಿಯೇ ಬೀಳಬೇಕು.

ಕೆಮ್ಮಿ ಬಾಗಿಲು ತೆರೆದೆ. ಎಲೆ ಇಟ್ಟ ಹಾಗೆಯೇ ಇತ್ತು. ಕೋಳಿ ತಣ್ಣಗಾಗಿ, ನೆಣ ಎಲೆಯ ಮೇಲೆ ಬಿಳಿಯಾಗಿ ಗಟ್ಟಿಯಾಗಿತ್ತು. ಅವಳು ಹೊಸ್ತಿಲಿನಿಂದ ನೋಡಿದಳು. ನೋಡಿ ತನ್ನ ಕೋಣೆಗೆ ಹೋದಳು. ಅದನ್ನು ತಿಂದದ್ದು ಮಗಳು, ಅಳಿಯ, ಮೊಮ್ಮಗಳು. ಬಹಳ ಒಳ್ಳೆಯ ಕೋಳಿ, ಅದರಲ್ಲಿ ಎರಡು ಮಾತಿಲ್ಲ. ಆ ಕಡೆ ಹೋಗುವವರು ತಿನ್ನಿ. ಆ ದಿನ ಸಂಜೆ ಮನೆಯಲ್ಲಿ ಬೇರೆ ವಾಸನೆ ಬರಲಿಲ್ಲ. ಕೋಳಿಯದ್ದೇ ಅಷ್ಟಿತ್ತು, ಅದರಲ್ಲಿ ಗೊತ್ತಾಗಲಿಲ್ಲ ಅಂತ ಇಟ್ಟುಕೊಳ್ಳುವ.

ಮರುದಿನ ಬೆಳಿಗ್ಗೆ ನಾನು ಎಲ್ಲರಿಗಿಂತ ಮೊದಲು ಎದ್ದು ಕುಚ್ಚಲಕ್ಕಿ ಗಂಜಿ ಇಟ್ಟೆ. ಕೋಳಿಗೂಡಿನ ಹಿಂದೆ ಹೋಗಿ, ತಮ್ಮನ ಒಲೆಯ ಮೇಲಿದ್ದ ಕೋಳಿಯನ್ನು ಓಡಿಸಿ, ಜಾಲರಿಯನ್ನು ಎಬ್ಬಿಸಿ ತಂದು ಬೂದಿ ಹಾಕಿ ಉಜ್ಜಿದೆ. ಬಚ್ಚಲ ಒಲೆಯ ಕೆಂಡ ಎಳೆದು, ಅದರ ಮೇಲೆ ಜಾಲರಿ ಇಟ್ಟು ಒಣ ಬಂಗುಡೆ ಸುಟ್ಟೆ. ಮನೆಯಿಡೀ ನಾತ. ಅಳಿಯ ಮುಸುಕು ಹೊದ್ದು ಮಲಗಿದ. ಗಂಜಿಯನ್ನು ಎಲೆಗೆ ಬಡಿಸಲು ಆಗುವುದಿಲ್ಲ, ಸ್ಟೀಲಿನ ಬಟ್ಟಲಿಗೆ ಹಾಕಿ, ಮೀನನ್ನು ಪಕ್ಕದಲ್ಲಿ ಇಟ್ಟು, ಅವಳನ್ನು ಕರೆದು ಕೈಗೆ ಕೊಟ್ಟೆ. ಒಳಗೆ ಇಡು ಅಂದೆ. ಅವಳು ಹೊಸ್ತಿಲಿನ ಹತ್ತಿರ ಹೋಗಿ ನಿಂತಳು.

"ನಾನು ಬೇರೆ ಬಳಿ ಅಕ್ಕ."

"ಗಂಜಿ ಆರುತ್ತದೆ. ಹೋಗು ಮಾರಾಯ್ತಿ."

ಹೋದಳು. ಇಟ್ಟು ಬರುತ್ತಾಳೆ ಅಂತ ನಾನು ಕಾದೆ. ಬರಲಿಲ್ಲ. ಒಳಗಿನಿಂದಲೇ ಬಾಗಿಲು ಎಳೆದುಕೊಂಡಳು. ಕುಲೆಗೆ ಬಡಿಸಿದ ಕೋಣೆಯಲ್ಲಿ ಬದುಕಿರುವವರು ಯಾರೂ ಕೂರುವುದಿಲ್ಲ. ನಾನು ಹೊರಗೆ ಕೂತೆ. ಮಾತಾಡಿದ ಹಾಗೆ ಕೇಳಿತು, ಒಬ್ಬರದ್ದೇ ಸ್ವರ. ಆಮೇಲೆ ಅದೂ ನಿಂತಿತು. ಕೆಮ್ಮಿ ತೆರೆಯುವುದು ನನ್ನ ಕೆಲಸ. ನಾನು ಕೆಮ್ಮಲಿಲ್ಲ.

ಅವಳೇ ತೆರೆದು ಹೊರಗೆ ಬಂದಳು. ಬಟ್ಟಲು ಖಾಲಿ ಇತ್ತು. ಮೀನಿನ ಮುಳ್ಳು, ತಲೆ ಮಾತ್ರ ಬದಿಗೆ. ಅವಳ ಗಲ್ಲದಲ್ಲಿ ಒಂದು ಅಗುಳು ಅಂಟಿತ್ತು. ಯಾರು ಉಂಡದ್ದು ಅಂತ ನಾನು ಕೇಳಲಿಲ್ಲ. ಇನ್ನೂ ಉಂಟಾ ಅಂತ ಅವಳು ಕೇಳಿದಳು. ಉಂಟು ಅಂದೆ. ಅಡಿಗೆ ಮನೆಯಲ್ಲಿ ಕೂತು ಇನ್ನೊಂದು ಬಟ್ಟಲು ಉಂಡಳು.

ಆಮೇಲೆ ಎದ್ದು ಹೋಗಿ ಆ ತೊಟ್ಟೆ ತಂದು ನನ್ನ ಎದುರಿಗೆ ಇಟ್ಟಳು. ನಾನು ಅಂಗಿಯನ್ನು ತೆಗೆದು ಸೋಪಿನ ನೀರಿನಲ್ಲಿ ಹಾಕಿ, ಒಗೆಯುವ ಕಲ್ಲಿಗೆ ಹಾಕಿ ಚೆನ್ನಾಗಿ ತಿಕ್ಕಿ, ಎರಡು ನೀರಿನಲ್ಲಿ ಹಿಂಡಿದೆ. ಹೊರಗೆ ಮಳೆ ಬಿಟ್ಟಿರಲಿಲ್ಲ. ಮಳೆಗಾಲದಲ್ಲಿ ನಮ್ಮ ಮನೆಯ ಬಟ್ಟೆ ಒಣಗುವುದು ಅಡಿಗೆ ಮನೆಯಲ್ಲಿ, ಸೌದೆ ಒಲೆಯ ಹೊಗೆ ಏರುವ ಕಡೆ ಕಟ್ಟಿದ ಹಗ್ಗದಲ್ಲಿ. ಅಲ್ಲಿಯೇ ಹಾಕಿದೆ.